ಸೋಯಾ ಸಾಸ್ ಬದಲಿಗೆ ಏನು ಹಾಕೋಣ? ಹುರುಳಿ ಕಟ್ಟಿನಿಂದ ತೆಂಗಿನ ನೀರಾದವರೆಗೆ

ಅಕ್ಕನ ಮಗಳು ಕಾಲೇಜಿಗೆಂದು ಮೈಸೂರಿಗೆ ಬಂದು ನಮ್ಮ ಮನೆ ಸೇರಿ ಎರಡು ವರ್ಷವಾಯಿತು. ಬರುವಾಗಲೇ ಡಾಕ್ಟರ ಚೀಟಿಯನ್ನೂ ತಂದಿದ್ದಳು. ಸೀಲಿಯಾಕ್ ಕಾಯಿಲೆ, ಗೋಧಿ ಮುಟ್ಟುವಂತಿಲ್ಲ. ಚಪಾತಿ, ಬ್ರೆಡ್ಡು, ರವೆ ಉಪ್ಪಿಟ್ಟು ಬಿಡಿಸುವುದೇನೂ ಕಷ್ಟವಾಗಲಿಲ್ಲ. ಮುದ್ದೆ, ಅನ್ನ, ಅಕ್ಕಿರೊಟ್ಟಿಯ ಮನೆ ನಮ್ಮದು. ಕಷ್ಟವಾಗಿದ್ದು ಗೋಬಿ ಮಂಚೂರಿ. ಮೈದಾ ಬಿಟ್ಟು ಅಕ್ಕಿಹಿಟ್ಟು, ಕಾರ್ನ್‌ಫ್ಲೋರ್ ಕಲಸಿ ಗರಿಗರಿಯಾಗಿ ಕರಿದೆ, ಬೆಳ್ಳುಳ್ಳಿ ಈರುಳ್ಳಿ ಬಾಡಿಸಿ ಸೋಯಾ ಸಾಸ್ ಹಾಕಿ ಹೊರಳಿಸಿ ಕೊಟ್ಟೆ. ‘ಚಿಕ್ಕಮ್ಮ, ಗಾಡಿಯವನಿಗಿಂತ ಚೆನ್ನಾಗಿದೆ’ ಅಂದವಳು ರಾತ್ರಿಯೆಲ್ಲ ಹೊಟ್ಟೆ ಹಿಡಿದುಕೊಂಡು ಹೊರಳಾಡಿದಳು. ಬೆಳಗ್ಗೆ ಕನ್ನಡಕ ಹಾಕಿಕೊಂಡು ಸೀಸೆಯ ಹಿಂದಿನ ಇರುವೆ ಸಾಲಿನಂಥ ಅಕ್ಷರ ಓದಿದೆ. ನೀರು, ಉಪ್ಪು, ಸೋಯಾ ಅವರೆ, ಅದರ ಮಗ್ಗುಲಲ್ಲೇ ಗೋಧಿ.

ಅವತ್ತಿನಿಂದ ಇಲ್ಲಿಯವರೆಗೆ ಈ ಸೀಸೆಯ ಬದಲಿಗೆ ಏನೇನು ಹಾಕಬಹುದೋ ಎಲ್ಲವನ್ನೂ ಹಾಕಿ ನೋಡಿದ್ದೇನೆ. ನಿಮ್ಮ ಕಾರಣ ಬೇರೆ ಇರಬಹುದು. ಯಜಮಾನರಿಗೆ ಬಿಪಿ ಇರಬಹುದು, ಮಗುವಿಗೆ ಸೋಯಾ ಅಲರ್ಜಿ ಇರಬಹುದು, ಅಥವಾ ಒಲೆ ಮೇಲೆ ಬಾಣಲೆ ಇಟ್ಟ ಮೇಲೆ ಸೀಸೆ ಖಾಲಿ ಅಂತ ಗೊತ್ತಾಗಿರಬಹುದು. ಕಾರಣ ಬೇರೆಯಾದರೆ ಬದಲಿಯೂ ಬೇರೆ. ಅದಕ್ಕಿಂತ ಮುಖ್ಯ, ಅಡುಗೆ ಬೇರೆಯಾದರೂ ಬದಲಿ ಬೇರೆ.

ಆ ಕಪ್ಪು ನೀರಿನಲ್ಲಿ ಇರುವುದೇನು

ಜಪಾನಿ ಪದ್ಧತಿಯ ಸೋಯಾ ಸಾಸ್ ಅಂದರೆ ಬೇಯಿಸಿದ ಸೋಯಾ ಅವರೆಗೆ ಹುರಿದು ಒಡೆದ ಗೋಧಿ ಸೇರಿಸಿ, ಅಸ್ಪರ್ಜಿಲಸ್ ಒರೈಜೆ ಅನ್ನುವ ಬೂಷ್ಟು ಹಿಡಿಸಿ, ಆಮೇಲೆ ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಹುದುಗಲು ಬಿಟ್ಟು ಹಿಂಡಿ ತೆಗೆದ ರಸ. ಕಾಳಿನ ಪ್ರೋಟೀನು ಒಡೆದು ಅಮೈನೋ ಆಮ್ಲಗಳಾಗುತ್ತವೆ, ಅವುಗಳಲ್ಲೊಂದು ಗ್ಲುಟಮೇಟ್. ಇಷ್ಟು ಕಾಯುವ ವ್ಯವಧಾನ ಇಲ್ಲದವರು ಸೋಯಾ ಹಿಂಡಿಯನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಬೇಯಿಸಿ, ಸೋಡಾ ಹಾಕಿ ಹುಳಿ ಮುರಿದು, ಕ್ಯಾರಮೆಲ್ ಬಣ್ಣ ಬೆರೆಸಿ ಕೆಲವೇ ದಿನಗಳಲ್ಲಿ ಸಾಸ್ ತಯಾರಿಸುತ್ತಾರೆ. ಲೇಬಲ್ಲಿನಲ್ಲಿ ‘ಹೈಡ್ರೊಲೈಜ್ಡ್ ವೆಜಿಟೇಬಲ್ ಪ್ರೋಟೀನ್’ ಅಂತ ಇದ್ದರೆ ಈ ಜಾತಿಯದು; ‘ಐಎನ್‌ಎಸ್ 150’ ಅಂತ ಇದ್ದರೆ ಕ್ಯಾರಮೆಲ್ ಬಣ್ಣ. ಇಂಥ ಸೀಸೆಯ ಬದಲಿ ಹುಡುಕುತ್ತಿದ್ದರೆ ಧೈರ್ಯವಾಗಿರಿ, ನಿಮ್ಮ ಅಡುಗೆಮನೆಯಲ್ಲಿ ತಯಾರಾಗುವುದು ಅದಕ್ಕಿಂತ ರುಚಿಯಾಗಿಯೇ ಇರುತ್ತದೆ.

ಬಾಣಲೆಯಲ್ಲಿ ಅದು ಮಾಡುವ ಕೆಲಸ ಮೂರು. ಒಂದು ಉಪ್ಪು, ಎರಡು ಬಣ್ಣ. ಮೂರನೆಯದಕ್ಕೆ ಜಪಾನಿಗಳು ಉಮಾಮಿ ಅನ್ನುತ್ತಾರೆ. 1908ರಲ್ಲಿ ಟೋಕಿಯೋದ ಕಿಕುನೆ ಇಕೆಡಾ ಎಂಬ ರಸಾಯನ ವಿಜ್ಞಾನಿ ಸಮುದ್ರದ ಪಾಚಿಯ ಸಾರಿನಿಂದ ಗ್ಲುಟಮೇಟನ್ನು ಬೇರ್ಪಡಿಸಿ ಆ ಹೆಸರಿಟ್ಟರು. ನಮ್ಮಲ್ಲಿ ಹೆಸರಿಲ್ಲ, ಅನುಭವ ಇದೆ. ಬಸ್ಸಾರಿನ ಕಟ್ಟು ಕುಡಿದು ‘ನಾಲಿಗೆಗೆ ಹತ್ತುತ್ತೆ’ ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ.

ಉಪ್ಪಿನ ಲೆಕ್ಕ ಮಾತ್ರ ಮೊದಲೇ ತಿಳಿದಿರಲಿ. ಒಂದು ದೊಡ್ಡ ಚಮಚ, ಅಂದರೆ 15 ಮಿಲಿ ಸೋಯಾ ಸಾಸಿನಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಉಪ್ಪಿಗೆ ತಿರುಗಿಸಿದರೆ ಎರಡೂಕಾಲು ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಒಬ್ಬರಿಗೆ ಇಡೀ ದಿನಕ್ಕೆ ಹೇಳುವ ಮಿತಿ 5 ಗ್ರಾಂ. ಹಾಗಾಗಿ ಸಾಸ್ ಬಿಟ್ಟ ಕಡೆ ದೊಡ್ಡ ಚಮಚಕ್ಕೆ ಅರ್ಧ ಟೀ ಚಮಚಕ್ಕಿಂತ ಚೂರು ಕಡಿಮೆ ಉಪ್ಪು ಬೀಳಬೇಕು. ಎಷ್ಟೋ ಜನ ಇದನ್ನು ಮರೆತು, ‘ಬದಲಿ ಹಾಕಿದೆ, ಸಪ್ಪೆ ಆಯಿತು’ ಅಂತ ಬದಲಿಯನ್ನೇ ಬೈಯುತ್ತಾರೆ.

ಅತ್ತೆಯ ಹುರುಳಿ ಕಟ್ಟು

ಸೀಸೆ ಹಿಡಿದು ನಾನು ಪೇಚಾಡುತ್ತಿದ್ದಾಗ ಮದ್ದೂರು ಕಡೆಯವರಾದ ನಮ್ಮತ್ತೆ ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು ನೆಕ್ಕಿ, ‘ಇದುಕ್ಯಾಕಿಂಗೆ ತಲೆ ಕೆಡುಸ್ಕತೀಯೆ? ಹುರುಳಿ ಕಟ್ಟ ಮರಳುಸುದ್ರೆ ಇದುಕ್ಕಿಂತ ಕರ್ರಗಾಯ್ತದೆ ಕಣವ್ವ’ ಅಂದರು. ಎತ್ತಿಗೆ ಹುರುಳಿ ಬೇಯಿಸುವ ಮನೆಯಲ್ಲಿ ಬೆಳೆದವರು ಅವರು. ಕಾಳು ಎತ್ತಿಗೆ, ಕಟ್ಟು ಮನುಷ್ಯರಿಗೆ.

ಒಂದು ಲೋಟ ಹುರುಳಿಯನ್ನು ಕಲ್ಲು ಆರಿಸಿ, ಘಮ್ಮನ್ನುವವರೆಗೆ ಹುರಿದು, ತೊಳೆದು ರಾತ್ರಿ ನೆನೆಹಾಕಿ. ಬೆಳಗ್ಗೆ ಏಳು ಲೋಟ ನೀರು ಸೇರಿಸಿ ಕುಕ್ಕರಿನಲ್ಲಿ ಏಳೆಂಟು ಕೂಗು ಕೂಗಿಸಿ. ಆರಿದ ಮೇಲೆ ಕಾಳು ಅಲುಗಿಸದೆ ಕಟ್ಟನ್ನು ಬಸಿದುಕೊಳ್ಳಿ. ಆಸೆಗೆ ಬಿದ್ದು ಕಾಳು ಕಿವುಚಬೇಡಿ. ನಾನು ಒಮ್ಮೆ ಕಿವುಚಿ, ಸಾಸ್ ಆಗಬೇಕಾದದ್ದು ಅಂಬಲಿಯಾಯಿತು. ಬಸಿದ ಕಟ್ಟನ್ನು ಅಗಲವಾದ ಪಾತ್ರೆಯಲ್ಲಿ ಸಣ್ಣ ಉರಿಗಿಡಿ. ಮೊದಲ ಅರ್ಧ ಗಂಟೆ ಏನೂ ಆಗುವುದಿಲ್ಲ, ಇಟ್ಟಿಗೆ ಬಣ್ಣದ ನೀರು ಸುಮ್ಮನೆ ಕುದಿಯುತ್ತಿರುತ್ತದೆ. ಆಮೇಲೆ ನೊರೆ ಅಡಗಿ, ಗುಳ್ಳೆಗಳು ದೊಡ್ಡವಾಗಿ, ಬೆಲ್ಲದ ಪಾಕದ ಹಾಗೆ ಪುಳಕ್ ಪುಳಕ್ ಅನ್ನತೊಡಗುತ್ತವೆ. ಅಲ್ಲಿಂದ ಕೈ ಬಿಡಬಾರದು, ತಳ ಹಿಡಿದರೆ ಕಹಿ. ಮುಕ್ಕಾಲು ಲೋಟಕ್ಕೆ ಇಳಿದಾಗ ಗೋಲಿ ಗಾತ್ರದ ಹಳೇ ಹುಣಸೆಹಣ್ಣಿನ ರಸ, ಒಂದು ಟೀ ಚಮಚ ಕಪ್ಪು ಬೆಲ್ಲ, ಎರಡೂವರೆ ಟೀ ಚಮಚ ಉಪ್ಪು ಹಾಕಿ ಇನ್ನೆರಡು ಕುದಿ. ತಟ್ಟೆಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಗೆರೆ ಎಳೆದಾಗ ಗೆರೆ ಕೂಡಿಕೊಳ್ಳದಿದ್ದರೆ ಇಳಿಸಿ. ದೊಡ್ಡ ಚಮಚಕ್ಕೆ ಸೋಡಿಯಂ 550 ಮಿಲಿಗ್ರಾಂ ಆಸುಪಾಸು ಬರುತ್ತದೆ, ಸೀಸೆಯದಕ್ಕಿಂತ ಮೂರನೇ ಒಂದರಷ್ಟು ಕಡಿಮೆ. ಉಳಿದ ಕಾಳಿಗೆ ಉಸ್ಲಿ ಒಗ್ಗರಣೆ ಕೊಡಿ, ಇಲ್ಲವೇ ಅವತ್ತಿನ ಮುದ್ದೆಗೆ ಖಾರ ರುಬ್ಬಿ ಸಾರು ಮಾಡಿ.

ಸೋಯಾ ಸಾಸೇ ಅನ್ನಿಸುತ್ತದೆಯೇ? ಇಲ್ಲ. ಹುದುಗು ಬಂದ ವಾಸನೆ ಇದರಲ್ಲಿಲ್ಲ, ಹುರುಳಿಯ ಮಣ್ಣಿನ ಘಮಲು ಇದೆ. ಆದರೆ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿ, ಸ್ಪ್ರಿಂಗ್ ಆನಿಯನ್ ಬಿದ್ದ ಗ್ರೇವಿಯಲ್ಲಿ ಬೆರೆತರೆ ನಮ್ಮ ಮನೆಗೆ ಬಂದವರು ಯಾರೂ ಇದುವರೆಗೆ ಕಂಡುಹಿಡಿದಿಲ್ಲ. ಸೋಯಾ ಅಲರ್ಜಿ ಇರುವವರು ಮಾತ್ರ ಡಾಕ್ಟರನ್ನು ಕೇಳಿಯೇ ಇದಕ್ಕೆ ಕೈ ಹಾಕಬೇಕು. ಹುರುಳಿಯೂ ಸೋಯಾದಂತೆ ಕಾಳಿನ ಜಾತಿಯದೇ.

ಅಣಬೆ ನೀರು

ಹುರುಳಿ ಬೇಯಿಸುವಷ್ಟು ಪುರುಸೊತ್ತು ಇಲ್ಲದವರಿಗೆ ಇದೇ ಸರಿ, ಮೂರನೆಯ ಕೆಲಸ ಇದಕ್ಕಿಂತ ಚೆನ್ನಾಗಿ ಮಾಡುವ ಸಸ್ಯಾಹಾರಿ ಪದಾರ್ಥ ನಾನು ಕಂಡಿಲ್ಲ. ಒಣಗಿದ ಅಣಬೆಯನ್ನು, ಶಿಟಾಕೆ ಸಿಕ್ಕರೆ ಇನ್ನೂ ಒಳ್ಳೆಯದು, ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ನೀರು ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಸೋಸಿ, ಅರ್ಧಕ್ಕಿಳಿಸಿ, ಉಪ್ಪು ಹಾಕಿ. ಒಣ ಶಿಟಾಕೆಯಲ್ಲಿ ಗ್ವಾನಿಲೇಟ್ ಎಂಬ ಅಂಶ ಇದೆ. ಅದು ಗ್ಲುಟಮೇಟ್ ಜತೆ ಸೇರಿದಾಗ ಎರಡರ ರುಚಿಯೂ ಬರೀ ಕೂಡುವುದಿಲ್ಲ, ಹಲವು ಪಟ್ಟಾಗುತ್ತದೆ. ಟೊಮೆಟೊದಲ್ಲಿ ಗ್ಲುಟಮೇಟ್ ಧಾರಾಳವಾಗಿದೆ. ಅದಕ್ಕೇ ಅಣಬೆ ನೀರಿಗೆ ಎರಡು ಚಮಚ ಟೊಮೆಟೊ ರಸ ಬಿದ್ದರೆ ಪಾತ್ರೆಯ ರುಚಿಯೇ ಬದಲಾಗುವುದು.

ಒಣ ಅಣಬೆ ದುಬಾರಿ ಅನ್ನಿಸಿದರೆ ಮಾರುಕಟ್ಟೆಯ ಚಿಪ್ಪಣಬೆಯನ್ನು ಸೀಳಿ, ಮೊರದಲ್ಲಿ ಹರಡಿ ಎರಡು ಬಿಸಿಲು ಕೊಟ್ಟು ಪುಡಿ ಮಾಡಿಟ್ಟುಕೊಳ್ಳಿ. ಶಿಟಾಕೆಯ ಗಾಢ ಬರುವುದಿಲ್ಲ, ಕೆಲಸ ನಡೆಯುತ್ತದೆ. ಮೈಸೂರಿನ ಜುಲೈ ತುಂತುರಿನಲ್ಲಿ ಮಾತ್ರ ಈ ಸಾಹಸ ಬೇಡ.

ಹುಣಸೆ ಮತ್ತು ಬೆಲ್ಲ

ಸೀಸೆ ಖಾಲಿ, ಒಲೆ ಉರಿಯುತ್ತಿದೆ, ಅಂಗಡಿಗೆ ಓಡಲು ಆಗುವುದಿಲ್ಲ ಅಂದಾಗ ಇದು. ಹೊಸ ಹುಣಸೆ ಕೆಂಪು, ಬರೀ ಹುಳಿ. ಉಪ್ಪು ಹಾಕಿ ಜಾಡಿಯಲ್ಲಿ ವರ್ಷ ಕಳೆದ ಹುಣಸೆ ಕಪ್ಪಗಿರುತ್ತದೆ, ಹುಳಿಯೂ ಮೆತ್ತಗಾಗಿರುತ್ತದೆ, ಬೇಕಾದದ್ದು ಅದು. ಬೆಲ್ಲದಲ್ಲೂ ಹಾಗೆಯೇ. ಮಂಡ್ಯದ ಆಲೆಮನೆಯಿಂದ ಬರುವ ಬೆಲ್ಲದಲ್ಲಿ ಬಂಗಾರದ ಬಣ್ಣದ್ದನ್ನು ನೋಡಿ ಮರುಳಾಗಬೇಡಿ. ತಿಳಿ ಬಣ್ಣ ಬರಲೆಂದು ಹೈಡ್ರೋಸ್ ಎಂಬ ರಾಸಾಯನಿಕ ಪುಡಿ ಹಾಕುವುದುಂಟು. ಈ ಕೆಲಸಕ್ಕಂತೂ ಕಾಫಿ ಪುಡಿ ಬಣ್ಣದ ಬೆಲ್ಲವೇ ಬೇಕು. ಒಂದು ಚಮಚ ಹುಣಸೆ ರಸ, ಅರ್ಧ ಚಮಚ ಬೆಲ್ಲ, ಉಪ್ಪು, ಮೂರು ಚಮಚ ನೀರು, ಒಂದು ಕುದಿ.

ಬಣ್ಣ ಬರುತ್ತದೆ, ಉಪ್ಪು ಬರುತ್ತದೆ. ನಾಲಿಗೆಗೆ ಹತ್ತುವ ಗುಣ ಬರುವುದಿಲ್ಲ. ಹೆಚ್ಚು ಹಾಕಿದರೆ ಗೊಜ್ಜಾಗುತ್ತದೆ. ಈ ವಿಷಯದಲ್ಲಿ ನನ್ನದೊಂದು ಅಪರಾಧ ಇದೆ. ಫ್ರಿಜ್ಜಿನಲ್ಲಿ ಪುಳಿಯೋಗರೆ ಗೊಜ್ಜು ಇತ್ತು. ಕಪ್ಪಗಿದೆ, ಉಪ್ಪಿದೆ, ಹುಳಿಯಿದೆ ಅಂತ ಅಕ್ಕಿ ನೂಡಲ್ಸಿಗೆ ಎರಡು ಚಮಚ ಹಾಕಿದೆ. ಮೆಂತ್ಯ, ಇಂಗು, ಕರಿಬೇವಿನ ಘಮ ಎದ್ದು ಇಡೀ ಮನೆ ಮೇಲುಕೋಟೆಯಾಯಿತು. ತಿಂದೆವು, ಚೆನ್ನಾಗಿಯೇ ಇತ್ತು, ನೂಡಲ್ಸ್ ಅಂತ ಕರೆಯುವ ಹಾಗೆ ಮಾತ್ರ ಇರಲಿಲ್ಲ.

ಇಂಗಿನ ಮಾತು ಬಂತು, ಗೋಧಿ ಬಿಟ್ಟವರಿಗೆ ಒಂದು ಎಚ್ಚರಿಕೆ. ಅಂಗಡಿಯ ಡಬ್ಬಿ ಇಂಗಿನಲ್ಲಿ ಬಹಳಷ್ಟಕ್ಕೆ ಮೈದಾ ಇಲ್ಲವೇ ಗೋಧಿಹಿಟ್ಟು ಬೆರೆಸಿರುತ್ತಾರೆ. ಸೋಯಾ ಸಾಸನ್ನು ಮನೆಯಿಂದ ಓಡಿಸಿ ಮೂರು ತಿಂಗಳಾದ ಮೇಲೆ ನನಗೆ ಇದು ಹೊಳೆಯಿತು. ಅಕ್ಕಿಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ, ಕೇಳಿ ತನ್ನಿ.

ಕೊಂಡು ತರುವ ಸೀಸೆಗಳು

ಗೋಕುಲಂ ಕಡೆ ಯೋಗ ಕಲಿಯಲು ಬರುವ ವಿದೇಶಿಯರಿಗಾಗಿ ಸರಕು ಇಡುವ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಇವು ಸಿಗುತ್ತವೆ. ರುಚಿಯಲ್ಲಿ ಸೋಯಾಕ್ಕೆ ತೀರ ಹತ್ತಿರ ಬರುವುದು ತಮಾರಿ, ಏಕೆಂದರೆ ಅದೂ ಸೋಯಾ ಸಾಸೇ, ಗೋಧಿ ಇಲ್ಲದ್ದು ಅಥವಾ ತೀರ ಕಡಿಮೆ ಇರುವುದು. ‘ತೀರ ಕಡಿಮೆ’ ಸೀಲಿಯಾಕ್ ಇರುವವರಿಗೆ ಸಾಲದು, ಗ್ಲುಟೆನ್ (ಗೋಧಿಯಲ್ಲಿರುವ, ಈ ಕಾಯಿಲೆಯವರಿಗೆ ಆಗದ ಪ್ರೋಟೀನು) ಇಲ್ಲ ಎಂದು ಸ್ಪಷ್ಟವಾಗಿ ಬರೆದದ್ದನ್ನೇ ಕೊಳ್ಳಬೇಕು. ಉಪ್ಪು ಮಾಮೂಲಿ ಸೋಯಾದಷ್ಟೇ, ಆದ್ದರಿಂದ ಬಿಪಿಯವರಿಗೆ ಇದರಿಂದ ಏನೂ ಲಾಭವಿಲ್ಲ.

ಕೊಕೊನಟ್ ಅಮಿನೋಸ್ ಹೆಸರು ಕೇಳಿ ತೆಂಗಿನಕಾಯಿ ಹಾಲು ಅಂದುಕೊಂಡಿದ್ದೆ. ಅಲ್ಲ, ತೆಂಗಿನ ಹೊಂಬಾಳೆಯಿಂದ ಇಳಿಸಿದ ನೀರಾವನ್ನು ಉಪ್ಪಿನೊಡನೆ ಹುದುಗಿಸಿದ್ದು. ಸೋಯಾ ಇಲ್ಲ, ಗೋಧಿ ಇಲ್ಲ, ಸೋಡಿಯಂ ಸೋಯಾ ಸಾಸಿನ ಮೂರನೇ ಒಂದು ಭಾಗ. ಕಾಗದದ ಮೇಲೆ ಇದೇ ಗೆಲ್ಲಬೇಕು. ಬೆಲೆ ಮಾಮೂಲಿ ಸೀಸೆಯ ಐದಾರು ಪಟ್ಟು, ರುಚಿ ಸಿಹಿ. ಇಷ್ಟೊಂದು ತೆಂಗು ಇರುವ ಮಂಡ್ಯ ಜಿಲ್ಲೆಯ ಪಕ್ಕದಲ್ಲಿ ಕೂತು ತೆಂಗಿನ ರಸಕ್ಕೆ ಅಷ್ಟು ದುಡ್ಡು ಕೊಡುವಾಗ ನನಗಂತೂ ಕೈ ನಡುಗಿತು. ಆದರೂ ಮಗುವಿಗೆ ಸೋಯಾ ಅಲರ್ಜಿ ಇದ್ದರೆ ಲೆಕ್ಕ ಹಾಕುತ್ತ ಕೂರಬೇಡಿ, ಇದನ್ನೇ ತನ್ನಿ, ಎರಡು ಹನಿ ನಿಂಬೆರಸ ಹಿಂಡಿ ಸಿಹಿ ಮುರಿಯಿರಿ.

ವೂಸ್ಟರ್ ಸಾಸಿನಲ್ಲಿ ಮಜವೆಂದರೆ, ಇಂಗ್ಲೆಂಡಿನ ಈ ಸಾಸಿಗೂ ಹುಣಸೆ ಮತ್ತು ಕಾಕಂಬಿಯೇ ಬುನಾದಿ. ಜತೆಗೆ ಆಂಚೊವಿ ಎಂಬ ಪುಟ್ಟ ಮೀನು. ಸಸ್ಯಾಹಾರಿಗಳು ಹಸಿರು ಚುಕ್ಕೆ ನೋಡಿಕೊಳ್ಳಬೇಕು; ಗೋಧಿ ಬಿಟ್ಟವರು ಬಾರ್ಲಿಯ ಮಾಲ್ಟ್ ವಿನೆಗರ್ ಇದೆಯೇ ನೋಡಬೇಕು, ಗ್ಲುಟೆನ್ ಬಾರ್ಲಿಯಲ್ಲೂ ಇದೆ. ಹುಳಿ ಮುಂದೆ ನಿಲ್ಲುತ್ತದೆ, ಹಾಗಾಗಿ ಅರ್ಧ ಅಳತೆ ಸಾಕು. ಸ್ವಿಟ್ಜರ್‌ಲೆಂಡಿನಲ್ಲಿ 1880ರ ದಶಕದಲ್ಲಿ ಹುಟ್ಟಿದ ಮ್ಯಾಗಿ ಸೀಸನಿಂಗ್ ದ್ರವ ಮೂಲತಃ ಗೋಧಿ ಪ್ರೋಟೀನಿನದು. ರುಚಿ ಜೋರು, ನಮ್ಮ ಮನೆಗೆ ಮಾತ್ರ ಪ್ರವೇಶವಿಲ್ಲ. ಮಿಸೊ ಎಂಬ ಜಪಾನಿ ಹುದುಗು ಮುದ್ದೆ ದುಬಾರಿ, ಅದೂ ಸೋಯಾದ್ದೇ.

ಮಾಂಸ ಮೀನು ತಿನ್ನುವ ಮನೆಯಾದರೆ ಸೀಸೆಯ ಗೊಡವೆಯೇ ಬೇಡ. ಒಣಸೀಗಡಿಯನ್ನು ತಲೆ ಮುರಿದು ಬಾಣಲೆಯಲ್ಲಿ ಹುರಿದು ಪುಡಿ ಮಾಡಿ, ಚಿಕನ್ ಫ್ರೈಗೆ ಕಾಲು ಚಮಚ ಉದುರಿಸಿ ನೋಡಿ.

ಬಿಪಿಯವರು ‘ಕಡಿಮೆ ಉಪ್ಪಿನ’ ಸೋಯಾ ಸಾಸ್ ತರುತ್ತಾರೆ. ಅದರಲ್ಲೂ ದೊಡ್ಡ ಚಮಚಕ್ಕೆ 500–600 ಮಿಲಿಗ್ರಾಂ ಸೋಡಿಯಂ ಇರುತ್ತದೆ, ಕಡಿಮೆ ಅಂದುಕೊಂಡು ಎರಡು ಚಮಚ ಹಾಕಿದರೆ ಮುಗಿಯಿತು. ಕೆಲವು ಕಡಿಮೆ ಸೋಡಿಯಂ ಉಪ್ಪು, ಸಾಸುಗಳಲ್ಲಿ ಪೊಟ್ಯಾಶಿಯಂ ಕ್ಲೋರೈಡ್ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರಿಗೂ ಕೆಲವು ಬಿಪಿ ಮಾತ್ರೆ ನುಂಗುವವರಿಗೂ ಅದು ಅಪಾಯ. ಇವರಿಗೆ ನನ್ನ ಸಲಹೆ ಉಪ್ಪಿಲ್ಲದ ಅಣಬೆ ನೀರು, ನಿಂಬೆರಸ, ಕಾಳುಮೆಣಸು. ಅದೇ ಗ್ಲುಟಮೇಟಿನ ಉಪ್ಪಾದ ಅಜಿನಮೊಟೊ ಅಂದರೆ ಮುಖ ಸಿಂಡರಿಸುವವರಿಗೆ ಒಂದು ಲೆಕ್ಕ: ಅಡುಗೆ ಉಪ್ಪಿನ ತೂಕದಲ್ಲಿ ನೂರಕ್ಕೆ 39 ಪಾಲು ಸೋಡಿಯಂ, ಅಜಿನಮೊಟೊದಲ್ಲಿ 12. ಅರ್ಧ ಕೆಜಿ ತರಕಾರಿಗೆ ಕಾಲು ಟೀ ಚಮಚ ಹಾಕಿ, ಉಪ್ಪು ಅರ್ಧ ಕಡಿಮೆ ಮಾಡಿದರೂ ರುಚಿ ನಿಲ್ಲುತ್ತದೆ. ನಾನು ಹಾಕುತ್ತೇನೆ. ಅತ್ತೆಗೆ ಹೇಳಿಲ್ಲ.

ಯಾವ ಅಡುಗೆಗೆ ಯಾವುದು

ಗೋಬಿ ಮಂಚೂರಿಗೆ ಹುರುಳಿ ಕಟ್ಟು, ಎರಡನೆಯ ಮಾತಿಲ್ಲ. ಗ್ರೇವಿಗೆ ತಾನೇ ಮೈ ಕೊಡುತ್ತದೆ, ಕಾರ್ನ್‌ಫ್ಲೋರ್ ನೀರು ಅರ್ಧ ಸಾಕಾಗುತ್ತದೆ. ಕೆಂಪು ಬೇಕೆನ್ನುವವರು ನೆನೆಸಿ ರುಬ್ಬಿದ ಬ್ಯಾಡಗಿ ಮೆಣಸಿನಕಾಯಿ ಸೇರಿಸಿ. ಗಾಡಿಯ ಆ ರಕ್ತಗೆಂಪು ಸಾಸಿನಿಂದ ಬಂದದ್ದಲ್ಲ, ಡಬ್ಬಿ ಬಣ್ಣದಿಂದ; 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದು ಇದಕ್ಕೇ.

ಫ್ರೈಡ್ ರೈಸಿಗೆ ಹುರುಳಿ ಕಟ್ಟು ಬೇಡ, ಅನ್ನ ಮಂಕಾಗಿ ಮುದ್ದೆಯಾಗುತ್ತದೆ. ಇಲ್ಲಿ ಒಣ ಪದಾರ್ಥವೇ ಲೇಸು. ಅಣಬೆ ಪುಡಿ, ಉಪ್ಪು, ಬಿಳಿ ಮೆಣಸಿನ ಪುಡಿ, ಕೊನೆಗೆ ಬಾಣಲೆಯ ಅಂಚಿಗೆ ಅರ್ಧ ಚಮಚ ವಿನೆಗರ್. ಬಣ್ಣ ಬರಲಿಲ್ಲವೆಂದು ಕೊರಗಬೇಡಿ. ನೂಡಲ್ಸಿಗೆ ಅಣಬೆ ನೀರು ಮತ್ತು ಟೊಮೆಟೊ, ಕೈಯಲ್ಲಿದ್ದರೆ ತಮಾರಿ. ಬೀನ್ಸ್, ಬೇಬಿ ಕಾರ್ನ್, ಕ್ಯಾಪ್ಸಿಕಂ ಹುರಿಯುವಾಗ ಹುಣಸೆ ಬೆಲ್ಲದ ನೀರೇ ಸಾಕು, ಚೂರು ಬೆಳ್ಳುಳ್ಳಿ ಹೆಚ್ಚಿಗೆ ಇರಲಿ.

ಅದ್ದಿಕೊಂಡು ತಿನ್ನುವುದಕ್ಕೆ ಮಾತ್ರ ಮನೆಯ ಯಾವ ಬದಲಿಯೂ ನಿಲ್ಲುವುದಿಲ್ಲ. ಬೇಯಿಸದೆ ನಾಲಿಗೆಗೆ ನೇರ ತಾಗುವಾಗ ಹುರುಳಿ ಹುರುಳಿಯೇ, ಹುಣಸೆ ಹುಣಸೆಯೇ. ಅಲ್ಲಿ ತಮಾರಿ ಅಥವಾ ಅಮಿನೋಸ್ ಕೊಳ್ಳಿ, ಇಲ್ಲವೇ ಸಾಸನ್ನೇ ಮರೆತುಬಿಡಿ. ನಮ್ಮದೇ ಜಿಲ್ಲೆಯ ಬೈಲಕುಪ್ಪೆಯಲ್ಲಿ ಮೊಮೊ ತಿಂದವರಿಗೆ ಗೊತ್ತು, ತಟ್ಟೆಯ ಪಕ್ಕ ಬರುವ ಕೆಂಪು ಖಾರದ ಚಟ್ನಿಗೆ ಸಿಗುವ ಮರ್ಯಾದೆ ಮೇಜಿನ ಮೇಲಿನ ಸೋಯಾ ಸೀಸೆಗೆ ಇಲ್ಲ. ಟೊಮೆಟೊ, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಬೇಯಿಸಿ ರುಬ್ಬಿದರೆ ಅದು ತಯಾರು. ಮೊಮೊದ ಹೊದಿಕೆ ಮೈದಾದ್ದು ಅನ್ನುವುದು ಬೇರೆ ಮಾತು. ಅಕ್ಕನ ಮಗಳಿಗೆ ಅಕ್ಕಿಹಿಟ್ಟಿನ ಕಡುಬಿನಲ್ಲೇ ತರಕಾರಿ ತುಂಬಿ ಕೊಡುತ್ತೇನೆ.

ಹುರುಳಿ ಕಟ್ಟು ಫ್ರಿಜ್ಜಿನಲ್ಲಿ ಐದು ದಿನ ಇರುತ್ತದೆ, ಹೊರಗಿಟ್ಟರೆ ಮಾರನೆಯ ದಿನಕ್ಕೇ ಹಳಸುತ್ತದೆ. ನಾನು ಐಸ್ ತಟ್ಟೆಗೆ ಹುಯ್ದು ಫ್ರೀಜರಿನಲ್ಲಿಡುತ್ತೇನೆ. ಒಂದು ಗುಳಿಗೆ ಸುಮಾರು ಒಂದು ದೊಡ್ಡ ಚಮಚ ಹಿಡಿಯುತ್ತದೆ, ಒಂದು ಪ್ಲೇಟ್ ಗೋಬಿಗೆ ಎರಡು ತುಂಡು ಸರಿಹೋಗುತ್ತದೆ. ತಟ್ಟೆಯ ಮೇಲೆ ಮಾತ್ರ ಹೆಸರು ಬರೆದು ಅಂಟಿಸಿ. ನಮ್ಮವರು ಬೇಸಿಗೆಯ ಒಂದು ಮಧ್ಯಾಹ್ನ ಕೋಲಾ ಐಸ್ ಅಂದುಕೊಂಡು ನಿಂಬೆ ಪಾನಕಕ್ಕೆ ಎರಡು ಹಾಕಿಕೊಂಡಿದ್ದರು.